ಆಟಿಸಂ ಅಂತ ಗೊತ್ತಾತು, ಈಗ ಸಾಲ್ಯಾಗ ಏನ ಕೇಳೂದು? ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ಸಲ ಬಂದ ಪ್ರಶ್ನೆಯೊಳಗ ಒಂದ ವಿಷಯದ ಮ್ಯಾಲೆ ಮೂರು ಪತ್ರ ಅದಾವು. ಒಂದು ತಾಯಿದು, ಒಂದು ಸರಕಾರಿ ಸಾಲಿ ಅಕ್ಕೋರದು, ಒಂದು ತಂದಿದು. ಹೆಸರು, ಸಾಲಿ ಯಾವೂ ಹಾಕಿಲ್ಲ. ಬ್ಯಾರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟೀನಿ, ಇದನ್ನ ಅರ್ಧಾ ಹೇಳಿ ಬಿಡಾಕ ಮನಸ್ಸಾಗಲಿಲ್ಲ.

ಪ್ರಶ್ನೆ: ಅಕ್ಕಾರ ನಮಸ್ಕಾರ್ರಿ. ನಾವು ಇಳಕಲ್ ಕಡೆಯವ್ರು, ಮನ್ಯಾಗ ಮಗ್ಗ ಅದಾವು. ಮಗಗ ಆರು ತುಂಬೈತಿ, ಖಾಸಗಿ ಕನ್ನಡ ಮೀಡಿಯಂ ಸಾಲ್ಯಾಗ ಒಂದನೇ ಕ್ಲಾಸ್. ಮಾತು ಭಾಳ ಕಡಿಮಿ, ನಾವು "ಊಟಾ ಮಾಡ್ತಿ?" ಅಂದ್ರ ಅವನೂ "ಊಟಾ ಮಾಡ್ತಿ" ಅಂತಾನ. ಸಾಲ್ಯಾಗ ಗಂಟಿ ಹೊಡದ್ರ ಕಿವಿ ಮುಚ್ಚಿ ಒದರ್ತಾನ, ಬಾಂಕಿನ ಮ್ಯಾಲೆ ಕುಂದ್ರಂಗಿಲ್ಲ, ಎದ್ದು ಹೊರಗ ಓಡ್ತಾನ. ಹೋದ ತಿಂಗಳ ದೊಡ್ಡ ದವಾಖಾನ್ಯಾಗ ಆಟಿಸಂ ಅಂತ ಬರದು ಕೊಟ್ರು. ಆ ಚೀಟಿ ಸಾಲಿಗೆ ಒಯ್ದು ತೋರಿಸಿದ್ದ ತಡಾ, ಹೆಡ್ ಮಾಸ್ತರು "ಇಂಥಾ ಹುಡುಗ್ರನ್ನ ಸಂಭಾಳಿಸಾಕ ನಮ್ಮ ಕಡೆ ಆಗಂಗಿಲ್ಲ, ಸ್ಪೆಷಲ್ ಸಾಲಿಗೆ ಹಾಕ್ರಿ, ಇಲ್ಲಾ ಒಂದ ವರ್ಷ ಮನ್ಯಾಗ ಇಟ್ಕೊಳ್ರಿ" ಅಂದ್ರು. ನಮ್ಮ ಅತ್ತಿಯವ್ರು "ನಮ್ಮ ಮನಿತನದಾಗ ಗಂಡಸ್ರಿಗೆ ಮಾತು ತಡಾನ, ಬನಶಂಕರಿಗೆ ಹರಕಿ ಹೊತ್ತೀನಿ, ಸುಮ್ನಿರು" ಅಂತಾರ. ಯಜಮಾನ್ರು "ಅಂಗವಿಕಲ ಸರ್ಟಿಫಿಕೇಟ್ ಮಾಡ್ಸಿದ್ರ ಹುಡುಗನ ಹಣಿ ಮ್ಯಾಲೆ ಸಿಕ್ಕಾ ಒತ್ತಿದಂಗ" ಅಂತಾರ. ನಂಗಂತೂ ಮೊಬೈಲ್ ಕೊಟ್ಟಿದ್ದಕ್ಕ ಹಿಂಗಾತೇನೋ ಅಂತ ರಾತ್ರಿ ನಿದ್ದಿ ಬರಂಗಿಲ್ಲ. ಸಾಲಿ ಬಿಡಸ್ಲೋ ಬ್ಯಾಡೋ?

ಒಬ್ಬ ತಾಯಿ, ಬಾಗಲಕೋಟಿ ಜಿಲ್ಲಾ

ಉತ್ತರ: ತಂಗಿ, ಬಿಡಸಬ್ಯಾಡ್ರಿ. ಇದನ್ನ ಮೊದಲ ಹೇಳಿ ಮುಂದಿನ ಮಾತು. ಒಂದ ವರ್ಷ ಮನ್ಯಾಗ ಇಟ್ಕೊಂಡ್ರ ಅಂವಾ ಮಗ್ಗದ ಸಪ್ಪಳದಾಗ ಒಬ್ಬನ ಕುಂತು ಕಲಿಯೂದು ಏನು, ಮುಂದಿನ ವರ್ಷ ಮತ್ತ ಹೋದಾಗ ಏಳು ವರ್ಷದ ಹುಡುಗ ಕ್ಲಾಸಿಗೆ ಹೊಸಬ ಆಗಿ ನಿಲ್ತಾನ, ಆವಾಗ ಇನ್ನೂ ತ್ರಾಸ. ಈಗ ಅವಂಗ ಸಾಲಿ ದಾರಿ ಗೊತ್ತೈತಿ, ಅಕ್ಕೋರ ಮಾರಿ ಗೊತ್ತೈತಿ, ತನ್ನ ಜಾಗಾ ಗೊತ್ತೈತಿ. ಆಟಿಸಂ ಇರೋ ಮಗೂಗೆ ಗೊತ್ತಿರೋ ಜಾಗಾ ಅನ್ನೂದು ಸಣ್ಣ ಮಾತಲ್ಲ, ಅದನ್ನ ಕಳಕೋಬ್ಯಾಡ್ರಿ.

ಮೊಬೈಲ್ ವಿಚಾರ ಮನಸ್ಸಿನಿಂದ ತಗದು ಹಾಕ್ರಿ. ಆಟಿಸಂ ಮೊಬೈಲ್ ನೋಡಿ ಬರೂದಲ್ಲ. ಅದು ಮಿದುಳು ಬೆಳೆಯೂ ರೀತಿಯೊಳಗಿನ ಫರಕು, ಹುಟ್ಟೂಕಿಂತ ಮೊದಲ ಶುರು ಆಗಿರ್ತೈತಿ, ಅದರಾಗ ವಂಶವಾಹಿಗಳ ಪಾಲು ದೊಡ್ಡದು ಅಂತ ಅವಳಿ ಮಕ್ಕಳ ಮ್ಯಾಲೆ ಮಾಡಿದ ಅಧ್ಯಯನಗಳು ತೋರಿಸ್ಯಾವು. ಲಸಿಕಿಯಿಂದ ಬರ್ತೈತಿ ಅಂತ ಯಾರರ ಹೇಳಿದ್ರೂ ನಂಬಬ್ಯಾಡ್ರಿ, 1998ರಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯೊಳಗ ಬಂದ ಒಂದು ಲೇಖನದಿಂದ ಆ ಮಾತು ಹಬ್ಬಿತು, 2010ರಾಗ ಆ ಪತ್ರಿಕೇನ ಅದನ್ನ ಹಿಂದಕ್ಕ ತಗೊಂತು. ಒಂದ ಕಾಲಕ್ಕ ತಾಯಿ ಪ್ರೀತಿ ಕಡಿಮಿ ಆಗಿ ಹಿಂಗಾಗ್ತೈತಿ ಅಂತ ಕಲಿತ ಡಾಕ್ಟರ್ ಮಂದೀನೂ ಅಂತಿದ್ರು, ಅದು ಸುಳ್ಳು ಅಂತ ಗೊತ್ತಾಗಿ ಎಷ್ಟೋ ವರ್ಷ ಆದ್ವು, ಆದ್ರೂ ನಮ್ಮ ಮನಿಗಳೊಳಗ ಬೆರಳು ಇನ್ನೂ ತಾಯಿ ಕಡೇನ ತೋರಿಸ್ತೈತಿ, ಅದು ನನಗ ಭಾಳ ಸಂಕಟ ಆಗೂ ವಿಷಯ. ಮೊಬೈಲ್ ಕಡಿಮಿ ಮಾಡ್ರಿ ಅಂತ ನಾನೂ ಹೇಳ್ತೀನಿ, ಅದು ಅವನ ಜೋಡಿ ಆಡೂದು ಮಾತಾಡೂದು ಹೆಚ್ಚಾಗ್ಲಿ ಅಂತ, ನೀವು ತಪ್ಪು ಮಾಡೀರಿ ಅಂತ ಅಲ್ಲ.

ಮತ್ತ ಅಂವಾ ನಿಮ್ಮ ಮಾತು ತಿರಿಗಿ ಹೇಳ್ತಾನಲ್ಲ, ಅದನ್ನ ಬೈದು ನಿಲ್ಲಿಸಬ್ಯಾಡ್ರಿ. ಇಂಥಾ ಭಾಳ ಮಕ್ಕಳು ಮಾತು ಹಿಡಿಯೂದ ಹಂಗ. "ಊಟಾ ಮಾಡ್ತಿ" ಅಂದ್ರ ಅವನ ಲೆಕ್ಕದಾಗ "ಹೂಂ, ಹಸಿವಿ ಆಗೈತಿ" ಅಂತ ಇರಬಹುದು. ನೀವು ಪ್ರಶ್ನೆ ಕೇಳೂ ಬದ್ಲಿ ಅಂವಾ ಹೇಳಬೇಕಾದ ಮಾತನ್ನ ನೀವ ಹೇಳ್ರಿ, "ಊಟಾ ಬೇಕು" ಅಂತ ಹೇಳಿ ತಾಟು ಮುಂದ ಇಡ್ರಿ. ದಿನಾ ಹಂಗ ಕೇಳಿ ಕೇಳಿ ಅಂವಾ ಎತ್ಕೊಳ್ಳೂದು ಸರಿಯಾದ ಮಾತು ಆಗ್ತೈತಿ. ಇದನ್ನ ಸಾಲಿ ಅಕ್ಕೋರಿಗೂ ಹೇಳ್ರಿ, ಇಲ್ಲಾಂದ್ರ ಅಣಕಿಸ್ತಾನ ಅಂತ ಅವ್ರು ತಿಳಕೊಂತಾರ.

ಇನ್ನ ಹೆಡ್ ಮಾಸ್ತರ ಮಾತು. ಅವ್ರು ಕೆಟ್ಟವ್ರು ಅಂತ ನಾ ಅನ್ನಂಗಿಲ್ಲ, ಅವ್ರಿಗೆ ಯಾರೂ ಹೇಳಿಕೊಟ್ಟಿಲ್ಲ, ಹೆದರ್ಯಾರ. ಆದ್ರ ಕಾನೂನು ಏನೈತಿ ಅನ್ನೂದು ನಿಮಗ ಗೊತ್ತಿರಬೇಕು. 1995ರ ಹಳೇ ಅಂಗವಿಕಲರ ಕಾಯ್ದೆಯೊಳಗ ಏಳ ನಮೂನಿ ಇದ್ವು, ಆಟಿಸಂ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯೊಳಗ 21 ಅದಾವು, ಅದರಾಗ ಆಟಿಸಂ ಒಂದು. ಅದರ 16ನೇ ಕಲಂ ಪ್ರಕಾರ ಸರಕಾರದ ದುಡ್ಡು ತಗೊಳ್ಳೂ ಸಾಲಿ ಇರಲಿ, ಬರೇ ಸರಕಾರದ ಮಾನ್ಯತೆ ಇರೋ ಖಾಸಗಿ ಸಾಲಿ ಇರಲಿ, ಭೇದ ಮಾಡದ ಸೇರಿಸ್ಕೊಂಡು ಮಗೂಗೆ ಬೇಕಾದ ಅನುಕೂಲ ಮಾಡಿ ಕೊಡಬೇಕು. ಅದಕ್ಕ ಇಷ್ಟು ಪರ್ಸೆಂಟ್ ಸರ್ಟಿಫಿಕೇಟ್ ಇದ್ರ ಮಾತ್ರ ಅಂತ ಆ ಕಲಂದಾಗ ಇಲ್ಲ. ಇನ್ನ ಶಿಕ್ಷಣ ಹಕ್ಕು ಕಾಯ್ದೆ, 2009ರದು, ಎಂಟನೇತ್ತಾ ಮುಗಿಯೂ ಮಟಾ ಯಾವ ಮಗೂನೂ ಸಾಲಿಯಿಂದ ಹೊರಗ ಹಾಕೂಹಂಗಿಲ್ಲ ಅಂತೈತಿ. ಮನ್ಯಾಗ ಇದ್ದು ಕಲಿಯೂದು ಅಂತ ಒಂದು ವ್ಯವಸ್ಥಾ ಐತಿ ಖರೆ, ಅದು ತೀವ್ರ ಅಥವಾ ಬಹುವಿಧ ವೈಕಲ್ಯ ಇರೋ ಮಕ್ಕಳಿಗೆ, ಅದನ್ನ ಆರಿಸ್ಕೊಳ್ಳೂ ಹಕ್ಕು ಮಗುವಿನ ಕಡೆಯವರದು, ಸಾಲಿ ಹೇರೂಹಂಗಿಲ್ಲ.

ಆದ್ರ ತಂಗಿ, ಕಾಯ್ದೆ ಪುಸ್ತಕ ಹಿಡ್ಕೊಂಡು ಜಗಳಕ್ಕ ಹೋಗಬ್ಯಾಡ್ರಿ. ನನ್ನ ಮಾತು ಇಷ್ಟ: "ನನ್ನ ಮಗಗ ಆಟಿಸಂ ಐತಿ, ನೋಡ್ಕೊಳ್ರಿ" ಅಂತ ಹೇಳಿದ್ರ ಯಾವ ಸಾಲೀನೂ ಏನೂ ಮಾಡಂಗಿಲ್ಲ, ಏನ ಮಾಡಬೇಕು ಅಂತ ಅವ್ರಿಗೂ ತಿಳಿಯಂಗಿಲ್ಲ. "ಗಂಟಿ ಹೊಡೆಯೂಕಿಂತ ಮೊದಲ ಅವಂಗ ಒಂದ ಮಾತು ಹೇಳ್ರಿ" ಅಂದ್ರ ಮಾಡ್ತಾರ. ಕೇಳೂದು ಸಣ್ಣದಿರಬೇಕು, ಕಣ್ಣಿಗೆ ಕಾಣೂವಂಥಾದ್ದಿರಬೇಕು, ಮತ್ತ ಬರವಣಿಗೆಯೊಳಗ ಇರಬೇಕು. ಬಾಯಿಮಾತಿನ್ಯಾಗ ಕೇಳಿದ್ದು ಆ ಅಕ್ಕೋರು ಬದ್ಲಿ ಆದ ದಿನಾನ ಮುಗೀತು.

ಅದಕ್ಕ ಈ ವಾರ ಮನ್ಯಾಗ ಕುಂತು ಒಂದ ಹಾಳಿ ಮ್ಯಾಲೆ ನಿಮ್ಮ ಮಗನ ಬಗ್ಗೆ ಬರೀರಿ. ಏನ ಇಷ್ಟ, ಯಾವ ಸಪ್ಪಳಕ್ಕ ಅಂಜತಾನ, ನೀರಡಿಕಿ ಆದ್ರ ಹೆಂಗ ತೋರಿಸ್ತಾನ, ಸಂಡಾಸಕ್ಕ ಬಂದ್ರ ಏನ ಮಾಡ್ತಾನ, ಅಳೂ ಮೊದಲ ಏನ ಲಕ್ಷಣ ಕಾಣ್ತಾವು, ಅತ್ತಾಗ ಯಾವುದರಿಂದ ಸುಮ್ನಾಗ್ತಾನ. ಇವನ್ನ ದವಾಖಾನಿ ರಿಪೋರ್ಟ್ ಯಾವುದೂ ಹೇಳಂಗಿಲ್ಲ, ನಿಮಗಷ್ಟ ಗೊತ್ತಿರ್ತೈತಿ. ಅದನ್ನ ಕ್ಲಾಸ್ ಅಕ್ಕೋರ ಕೈಯಾಗ ಕೊಡ್ರಿ, ಹೆಡ್ ಮಾಸ್ತರಿಗೆ ಬ್ಯಾರೆ ಅರ್ಜಿ. ಅರ್ಜಿ ಹಿಂಗಿರಲಿ:

"ಮಾನ್ಯರೆ, ನನ್ನ ಮಗ ನಿಮ್ಮ ಶಾಲೆಯ ಒಂದನೇ ತರಗತಿಯಲ್ಲಿ ಓದುತ್ತಿದ್ದಾನೆ. ಅವನಿಗೆ ಆಟಿಸಂ ಇದೆ ಎಂದು ವೈದ್ಯರು ತಿಳಿಸಿದ್ದು, ವರದಿಯ ಪ್ರತಿ ಲಗತ್ತಿಸಿದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರ ಕಲಂ 16ರಂತೆ ಅವನಿಗೆ ಈ ಅನುಕೂಲ ಮಾಡಿಕೊಡಲು ಕೋರುತ್ತೇನೆ. ಗಂಟೆಯಿಂದ ದೂರ, ಶಿಕ್ಷಕರಿಗೆ ಹತ್ತಿರ ಒಂದೇ ಕಾಯಂ ಜಾಗ. ದಿನದ ಕೆಲಸಗಳನ್ನು ಚಿತ್ರದಲ್ಲಿ ತೋರಿಸುವ ಪಟ್ಟಿ. ಪ್ರತಿ ಅವಧಿಯ ನಡುವೆ ಎದ್ದು ಓಡಾಡಲು ಐದು ನಿಮಿಷ ಬಿಡುವು. ಪ್ರಾರ್ಥನೆ ವೇಳೆ ಸಾಲಿನ ಕೊನೆಯಲ್ಲಿ ನಿಲ್ಲಲು ಅಥವಾ ಕಿವಿಗೆ ಮುಚ್ಚಿಗೆ ಹಾಕಿಕೊಳ್ಳಲು ಅನುಮತಿ. ಈ ವಿಷಯ ಮಾತನಾಡಲು ನನಗೆ ಒಂದು ದಿನ ಗೊತ್ತು ಮಾಡಿ ತಿಳಿಸಬೇಕು."

ಇಷ್ಟ ಸಾಕು. ಎರಡು ಪ್ರತಿ ಒಯ್ದು ಒಂದರ ಮ್ಯಾಲೆ ತಾರೀಖು, ಸಹಿ, ಸಾಲಿ ಸಿಕ್ಕಾ ಹಾಕಿಸ್ಕೊಂಡು ಬರ್ರಿ. ಹಾಕಂಗಿಲ್ಲ ಅಂದ್ರ ಪೋಸ್ಟಿನ್ಯಾಗ ರಿಜಿಸ್ಟರ್ ಮಾಡ್ರಿ, ಆ ರಸೀದಿನ ಸಾಕ್ಷಿ. ಮನಿಯವ್ರನ್ನೂ ಜೋಡಿ ಕರಕೊಂಡು ಹೋಗ್ರಿ, ತಾಯಿ ಒಬ್ಬಾಕಿ ಹೋದಾಗ ಮತ್ತ ಇಬ್ರೂ ಹೋದಾಗ ಸಾಲ್ಯಾಗ ಮಾತಾಡೂ ಧಾಟಿ ಬ್ಯಾರೆ ಆಗ್ತೈತಿ, ಹಂಗಿರಬಾರದು, ಆದ್ರ ಹಂಗೈತಿ.

ಮುಂದಿಂದು, ನಿಮ್ಮ ತಾಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ, ಅಂದ್ರ ಬಿಆರ್‌ಸಿ ಕಚೇರಿ. ಅಲ್ಲಿ ಬಿಐಇಆರ್‌ಟಿ ಅಂತ ಇರ್ತಾರ, ವಿಶೇಷ ಅಗತ್ಯ ಇರೋ ಮಕ್ಕಳ ಸಲುವಾಗಿನ ಸಂಪನ್ಮೂಲ ಶಿಕ್ಷಕರು, ಸಮಗ್ರ ಶಿಕ್ಷಣ ಯೋಜನಾದಾಗ ಬರ್ತಾರ. ಒಬ್ಬೊಬ್ರಿಗೆ ತಾಲೂಕಿನ ಎಷ್ಟೋ ಸಾಲಿ ಬಿದ್ದಿರ್ತಾವು, ತಾವಾಗೇ ನಿಮ್ಮ ಮನಿ ಹುಡುಕ್ಕೊಂಡು ಬರ್ತಾರ ಅಂತ ಕುಂದ್ರಬ್ಯಾಡ್ರಿ, ನೀವ ಹೋಗಿ ಮಗನ ಹೆಸರು ಬರಸ್ರಿ. ಅವ್ರ ಮುಖ್ಯ ಕೆಲಸ ಸರಕಾರಿ ಮತ್ತ ಅನುದಾನಿತ ಸಾಲಿಗಳದು, ಆದ್ರ ಖಾಸಗಿ ಸಾಲಿಗೆ ಮಾನ್ಯತೆ ನೋಡೂದು ಶಿಕ್ಷಣ ಇಲಾಖೇನ, ಅದಕ್ಕ ಅದ ಅರ್ಜಿಯ ಒಂದು ಪ್ರತಿ ತಾಲೂಕಿನ ಶಿಕ್ಷಣಾಧಿಕಾರಿ, ಅಂದ್ರ ಬಿಇಒ ಕಚೇರಿಗೂ ಕೊಡ್ರಿ. ಬಿಇಒ ಕಡೆಯಿಂದ ಒಂದ ಫೋನ್ ಹೋದ್ರ ಹೆಡ್ ಮಾಸ್ತರಿಗೂ ಧೈರ್ಯ ಬರ್ತೈತಿ.

ಯಜಮಾನ್ರಿಗೆ ಇದನ್ನ ಓದಿ ತೋರಿಸ್ರಿ. ದವಾಖಾನ್ಯಾಗ ಕೊಟ್ಟ ಚೀಟಿ ಬ್ಯಾರೆ, ಸರ್ಟಿಫಿಕೇಟ್ ಬ್ಯಾರೆ. ಸಾಲ್ಯಾಗ ಅನುಕೂಲ ಕೇಳಾಕ ಚೀಟಿ ಸಾಕು. ಸರ್ಟಿಫಿಕೇಟು, ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡು, ಎರಡಕ್ಕೂ ಸರಕಾರದ ಸ್ವಾವಲಂಬನ್ ಪೋರ್ಟಲ್‌ನ್ಯಾಗ ಅರ್ಜಿ ಹಾಕಬೇಕು, ಆಮ್ಯಾಲೆ ಸರಕಾರಿ ದವಾಖಾನ್ಯಾಗ ತಪಾಸಣಿ ಮಾಡ್ತಾರ. ಆಟಿಸಂಗೆ ಇಸಾ ಅಂತ ನಮ್ಮ ದೇಶದ್ದ ಒಂದು ಅಳತಿಪಟ್ಟಿ ಐತಿ, ಅದರಾಗ 40 ಅಂಶ, ಅವನ್ನ ಕೇಳಿ ನೋಡಿ ಅಂಕಿ ಹಾಕ್ತಾರ. 40 ಪರ್ಸೆಂಟ್ ಅಥವಾ ಹೆಚ್ಚಿಗಿ ಬಂದ್ರ 6ರಿಂದ 18 ವರ್ಷದ ಮಟಾ ಹತ್ರದ ಸಾಲ್ಯಾಗ ಇಲ್ಲಾ ತಮಗ ಬೇಕಾದ ಸ್ಪೆಷಲ್ ಸಾಲ್ಯಾಗ ಉಚಿತ ಶಿಕ್ಷಣದ ಹಕ್ಕು ಐತಿ. ಮುಂದ ಪರೀಕ್ಷಾದಾಗ ಹೆಚ್ಚಿನ ವೇಳೆ, ಬರಿಯಾಕ ಸಹಾಯಕ, ಇವಕ್ಕೂ ಸರ್ಟಿಫಿಕೇಟ್ ಕೇಳ್ತಾರ. ನಿರಾಮಯ ಅಂತ ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟ್‌ನ ಆರೋಗ್ಯ ವಿಮೆ ಐತಿ, ವರ್ಷಕ್ಕ 1 ಲಕ್ಷದ ಮಟಾ, ಥೆರಪಿ ಖರ್ಚಿಗೂ ಅದರಾಗ ಒಂದು ಪಾಲು ಐತಿ, ನೇಯೂ ಮನಿತನಕ್ಕ ಅದು ದೊಡ್ಡ ಆಸರ. ಈ ಕಾರ್ಡು ನಿಮ್ಮ ಟ್ರಂಕಿನ್ಯಾಗ ಇರ್ತೈತಿ, ಬೇಕಾದಲ್ಲಿ ತೋರಿಸ್ತೀರಿ, ಬ್ಯಾಡಾದಲ್ಲಿ ಬಿಡ್ತೀರಿ, ಊರ ಮುಂದ ಯಾರೂ ಓದಂಗಿಲ್ಲ. ಕಾರ್ಡು ಮಾಡ್ಸದ ಹುಡುಗಗ ಮಂದಿ ಇಡೂ ಹೆಸರು ಹಟಮಾರಿ, ದಡ್ಡ, ಹುಚ್ಚ. ಅದು ಹಣಿಗೆ ಅಂಟಿಕೊಂತೈತ್ರಿ, ಕಾರ್ಡು ಅಲ್ಲ.

ಮಾತಿನ ಥೆರಪಿ, ಕೈಕಾಲು ಚಟುವಟಿಕೆ ಕಲಿಸೂ ಥೆರಪಿ ಇವಕ್ಕ ಮೊದಲ ಜಿಲ್ಲಾ ಆಸ್ಪತ್ರೆಯೊಳಗ ಡಿಇಐಸಿ, ಅಂದ್ರ ಮಕ್ಕಳ ಬೆಳವಣಿಗಿ ತೊಂದರಿ ಬೇಗ ಗುರ್ತಿಸಿ ನೋಡೂ ಕೇಂದ್ರ, ಎಲ್ಲೈತಿ ಅಂತ ಕೇಳ್ರಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದು, 18 ವರ್ಷದ ಮಟಾ ಮಕ್ಕಳಿಗೆ ದುಡ್ಡಿಲ್ಲದ ನೋಡ್ತಾರ. ಅದಕ್ಕ ಬಾಗಲಕೋಟಿ ನವನಗರಕ್ಕ ಹೋದ ದಿನಾನ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಗೂ ಹೋಗಿ ಬರ್ರಿ, ಎರಡ ಸಲ ಬಸ್ ಖರ್ಚು ಬ್ಯಾಡ. ನಿಮ್ಮೂರ ಪಂಚಾಯ್ತಿಯೊಳಗ ವಿಆರ್‌ಡಬ್ಲ್ಯೂ ಅಂತ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರ, ಆನ್‌ಲೈನ್ ಅರ್ಜಿ ಅವ್ರ ಕಡೆ ಮಾಡ್ಸಬಹುದು, ಪ್ಯಾಟಿಯೊಳಗ ಇದ್ರ ನಗರಸಭಾದಾಗ ಕೇಳ್ರಿ.

ಸ್ಪೆಷಲ್ ಸಾಲಿ ಬಗ್ಗೆ ಒಂದ ಮಾತು. ಅವು ಕೆಟ್ಟವು ಅಂತ ನಾ ಹೇಳಂಗಿಲ್ಲ, ಕೆಲವು ಮಕ್ಕಳಿಗೆ ಅಲ್ಲೇ ಚಲೋ ಆಗೈತಿ. ಆದ್ರ ಅದು ನೀವು ನೋಡಿ, ವಿಚಾರ ಮಾಡಿ ತಗೊಳ್ಳೂ ತೀರ್ಮಾನ, ಹೆಡ್ ಮಾಸ್ತರು ಬಾಗಲಾ ತೋರಿಸಿದ್ರು ಅಂತ ಓಡೂದಲ್ಲ. ಆರು ವರ್ಷದ ನಿಮ್ಮ ಹುಡುಗಗ ಇನ್ನೂ ಯಾವ ಅನುಕೂಲಾನೂ ಮಾಡಿ ನೋಡಿಲ್ಲ, ಅಷ್ಟರಾಗ ಆಗಂಗಿಲ್ಲ ಅಂತ ಹೆಂಗ ಹೇಳೂದು?

ಅತ್ತಿಯವ್ರ ಜೋಡಿ ಜಗಳಾ ಬ್ಯಾಡ. ಬನಶಂಕರಿ ಹರಕಿ ತೀರಿಸ್ರಿ, ಅದರಾಗ ಮಗೂಗೆ ಕೆಡಕಿಲ್ಲ, ಜಾತ್ರಿ ಗದ್ದಲದ ದಿನಾ ಬಿಟ್ಟು ಸಾದಾ ದಿನಾ ಮುಂಜಾನೆ ಹೋಗ್ರಿ. ಹರಕಿ ಒಂದ ಕಡೆ, ಥೆರಪಿ ಒಂದ ಕಡೆ, ಎರಡೂ ನಡೀಲಿ. "ತಾನ ಮಾತು ಬರ್ತಾವು" ಅಂತ ಕಾಯೂದು ಮಾತ್ರ ಬ್ಯಾಡ.

ಪ್ರಶ್ನೆ: ನಾನು ವಿಜಯಪುರ ಜಿಲ್ಲಾದಾಗ ಸರಕಾರಿ ಪ್ರಾಥಮಿಕ ಶಾಲಾ ಶಿಕ್ಷಕಿ, ನಲಿ-ಕಲಿ (ಸಣ್ಣ ಕ್ಲಾಸಿನ ಮಕ್ಕಳಿಗೆ ಕಾರ್ಡಿನ ಮೂಲಕ ಕಲಿಸೂ ಪದ್ಧತಿ) ತಗೋತೀನಿ. ಮೂರನೇತ್ತಾದಾಗ ಒಬ್ಬಾಕಿ ಹುಡುಗಿ ಅದಾಳ, ಎಂಟು ವರ್ಷ, ಮಾತಿಲ್ಲ, ಕೈ ಬಡಕೊಂತಿರ್ತಾಳ, ಕಾರ್ಡು ಮಾತ್ರ ಬಣ್ಣದ ಪ್ರಕಾರ ಚಂದಗೆ ಜೋಡಿಸಿ ಇಡ್ತಾಳ. ಬಿಸಿಯೂಟದ ವೇಳೆಗೆ ಕಿರಚಿ ಓಡ್ತಾಳ. ಮೊನ್ನೆ ವೈದ್ಯಕೀಯ ಶಿಬಿರದಾಗ ಆಟಿಸಂ ಅಂದ್ರು. ತಂದಿ ತಾಯಿ ದುಡಿಯಾಕ ಗುಳೆ ಹೋಗ್ಯಾರ, ಆಯಿ ಜೋಡಿ ಇರ್ತಾಳ. ಆಯಿಗೆ ಓದಾಕ ಬರಂಗಿಲ್ಲ. ನಂಗ ಟ್ರೇನಿಂಗ್ ಇಲ್ಲ, ಉಳಿದ ಮಕ್ಕಳನ್ನೂ ನೋಡಬೇಕು. ಗೃಹಾಧಾರಿತ, ಅಂದ್ರ ಮನ್ಯಾಗ ಇದ್ದು ಕಲಿಯೂ ಮಗು ಅಂತ ಬರದು ಬಿಡ್ರಿ ಅಂತ ಜೋಡಿ ಮಾಸ್ತರು ಹೇಳ್ತಾರ. ಏನ ಮಾಡ್ಲಿ?

ಉತ್ತರ: ಅಕ್ಕೋರ, ಆಕಿ ಕಾರ್ಡು ಜೋಡಿಸೂದನ್ನ ನೀವು ನೋಡೀರಲ್ಲ, ಟ್ರೇನಿಂಗ್‌ನ ಅರ್ಧಾ ಅಲ್ಲೇ ಆತು. ಮನಿಗೆ ಬರದು ಬಿಡಬ್ಯಾಡ್ರಿ. ಆಯಿ ಹೊಲಕ್ಕ ಹೋದ್ರ ಆ ಹುಡುಗಿ ಮನ್ಯಾಗ ಒಬ್ಬಾಕೀನ, ಮಾತು ಬರದ ಹೆಣ್ಣ ಹುಡುಗಿ. ಆಕಿಗೆ ಸಾಲಿಗಿಂತ ಸುರಕ್ಷಿತ ಜಾಗಾ ಆ ಊರಾಗ ಇನ್ನೊಂದಿಲ್ಲ.

ನಲಿ-ಕಲಿ ಇಂಥಾ ಮಗೂಗೆ ಮಾಡಿದಂಗೈತಿ ಅಂತ ನನಗ ಯಾವಾಗ್ಲೂ ಅನಸ್ತೈತಿ. ಕಲಿಕಾ ಏಣಿ ಐತಿ, ಒಂದೊಂದ ಮೆಟ್ಲಕ್ಕ ಒಂದ ಕಾರ್ಡು, ಕಾರ್ಡಿನ ಮ್ಯಾಲೆ ಚಿತ್ರ, ತನ್ನ ವೇಗಕ್ಕ ತಾ ಹತ್ತಬಹುದು, ಬಾಯಿಲೆ ಉತ್ತರ ಹೇಳಾಕಬೇಕು ಅಂತಿಲ್ಲ. ಆಕಿ ಮೂರನೇತ್ತಾದಾಗ ಇದ್ರೂ ಒಂದನೇತ್ತಾ ಮೆಟ್ಲದ ಮ್ಯಾಲೆ ಇರಬಹುದು, ಇರಲಿ. ತಟ್ಟೆ, ಅಂದ್ರ ಗುಂಪು, ಬದಲಾಯಿಸಿ ಬದಲಾಯಿಸಿ ಕುಂದ್ರೂದು ಆಕಿಗೆ ತ್ರಾಸ ಆಗ್ತಿದ್ರ ಒಂದ ಜಾಗಾ ಕಾಯಂ ಮಾಡ್ರಿ, ಕಾರ್ಡು ಆಕಿ ಕಡೆ ಬರಲಿ. ಓದಿ ಹೇಳೂ ಬದ್ಲಿ ತೋರಿಸಲಿ, ಹಚ್ಚಲಿ, ಜೋಡಿಸಲಿ. ಅದನ್ನೂ ಕಲಿಕೆ ಅಂತಾನ ದಾಖಲ ಮಾಡ್ರಿ.

ಬೆಳಿಗ್ಗೆ ಬಂದ ಕೂಡ್ಲೆ ದಿನದ ಕೆಲಸ ಚಿತ್ರದಾಗ ತೋರಿಸ್ರಿ. ದೊಡ್ಡ ಸಾಮಾನು ಬ್ಯಾಡ, ಹಳೇ ಕ್ಯಾಲೆಂಡರ್ ರಟ್ಟಿನ ಮ್ಯಾಲೆ ಪ್ರಾರ್ಥನೆ, ಕಾರ್ಡು, ಹಾಲು, ಆಟ, ಊಟ, ಮನಿ ಅಂತ ಚಿತ್ರ ಬರದು ಹಚ್ರಿ, ಮುಗಿದದ್ದನ್ನ ಆಕಿ ಕೈಯಿಂದಾನ ತಗಸ್ರಿ. ಒಂದ ಸಲ ಒಂದ ಮಾತು ಹೇಳ್ರಿ, "ಪಾಟಿ ತಗಿ" ಅಂದು ನಿಲ್ರಿ, ಮನಸ್ಸಿನ್ಯಾಗ ಹತ್ತು ಎಣಸ್ರಿ, ಆಮ್ಯಾಲೆ ಮುಂದಿನ ಮಾತು. ಅವಸರ ಮಾಡಿ ಮೂರ ಸಲ ಬ್ಯಾರೆ ಬ್ಯಾರೆ ಶಬ್ದದಾಗ ಹೇಳಿದ್ರ ಆಕಿಗೆ ಅದು ಮೂರು ಹೊಸಾ ಮಾತು. ಕಣ್ಣಾಗ ಕಣ್ಣಿಟ್ಟು ನೋಡು ಅಂತ ಗದ್ದ ಹಿಡಿದು ಎತ್ತಬ್ಯಾಡ್ರಿ, ನೋಡದಿದ್ರೂ ಆಕಿ ಕೇಳ್ತಿರ್ತಾಳ. ಕೈ ಬಡಕೊಳ್ಳೂದನ್ನ ಹಿಡಿದು ನಿಲ್ಲಿಸಬ್ಯಾಡ್ರಿ, ಅದರಿಂದ ಯಾರಿಗೂ ಏಟಿಲ್ಲ, ಆಕಿಗೆ ಸಮಾಧಾನ ಐತಿ.

ಬಿಸಿಯೂಟ. ಇದು ಮುಖ್ಯ. ಸ್ಟೀಲ್ ತಾಟು ಒಂದಕ್ಕೊಂದು ಬಡಿಯೂ ಸಪ್ಪಳ, ಮಕ್ಕಳ ಗದ್ದಲ, ಸಾರಿನ ವಾಸನಿ, ಎಲ್ಲಾ ಒಮ್ಮಿಗೇ. ಎಲ್ಲಾರಿಗಿಂತ ಐದು ನಿಮಿಷ ಮೊದಲ ಆಕಿಗೆ ಬಡಸ್ರಿ, ಕಟ್ಟಿ ಮ್ಯಾಲೆ ಒಂದ ಕಡೆ, ಜೋಡಿಗೆ ಆಕಿ ಜೋಡಿ ಹೊಂದೂ ಒಬ್ಬಾಕಿ ಗೆಳತಿ. ಬರೇ ಅನ್ನ ಉಂಡ್ರ ಬರೇ ಅನ್ನ ಉಣ್ಣಲಿ, ಸಾರು ಹಾಕಿ ಒತ್ತಾಯ ಮಾಡಿದ್ರ ನಾಳಿಂದ ಅನ್ನಾನೂ ಮುಟ್ಟಂಗಿಲ್ಲ. ಅಡಗಿ ಅಕ್ಕನ್ನ ಕರದು ಇದನ್ನ ಹೇಳ್ರಿ, ಅವ್ರು ಹುಡುಗ್ರನ್ನ ಗುರ್ತಿಸೂದು ನಮಗಿಂತ ಚಲೋ.

ಕಿರಚಿ ಓಡಿದಾಗ ಬೈಯೂದು ಹೊಡಿಯೂದು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂದಾಗ ನಿಷೇಧ ಐತಿ, ಎಲ್ಲಾ ಮಕ್ಕಳಿಗೂ ಅದ ಮಾತು. ಆದ್ರ ಈ ಮಕ್ಕಳಿಗೆ ಏಟು ಯಾಕ ಬಿತ್ತು ಅನ್ನೂದ ತಿಳಿಯಂಗಿಲ್ಲ, ಸಾಲಿ ಅಂದ್ರ ಅಂಜಿಕಿ ಅಂತ ಅಷ್ಟ ಉಳೀತೈತಿ. ಓಡೂ ಮಗು ಇದ್ದಾಗ ಗೇಟು ಹಾಕಿರ್ರಿ, ಭಾವಿ, ರಸ್ತೆ ಹತ್ರ ಇದ್ರ ಊರ ಹಿರಿಯರಿಗೆ, ಸಾಲಿ ಅಭಿವೃದ್ಧಿ ಸಮಿತಿ ಎಸ್‌ಡಿಎಂಸಿಗೆ ಹೇಳಿ ತಡಿ ಕಟ್ಟಸ್ರಿ.

ಇಷ್ಟೆಲ್ಲಾ ನೀವ ಒಬ್ರ ಹೊರಬೇಕು ಅಂತ ನಾ ಹೇಳಂಗಿಲ್ಲ. ಮಕ್ಕಳ ಆನ್‌ಲೈನ್ ದಾಖಲಾತಿ ಸ್ಯಾಟ್ಸ್‌ನ್ಯಾಗ ಆಕಿ ಹೆಸರಿನ ಮುಂದ ವಿಶೇಷ ಅಗತ್ಯವುಳ್ಳ ಮಗು ಅಂತ ನಮೂದು ಆಗೈತೋ ಇಲ್ಲೋ ಮೊದಲ ನೋಡ್ರಿ, ಅದಾಗದಿದ್ರ ಲೆಕ್ಕದಾಗ ಆಕಿ ಇಲ್ಲ, ಸವಲತ್ತೂ ಇಲ್ಲ. ಸಮಗ್ರ ಶಿಕ್ಷಣದಾಗ ವಿಶೇಷ ಅಗತ್ಯದ ಹೆಣ್ಣಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಶಿಷ್ಯವೇತನ ಐತಿ, ವರ್ಷಕ್ಕ ಹತ್ತು ತಿಂಗಳು, ಆಯಿಗೆ ಅದೂ ಒಂದು ಕಾರಣ ಸಾಲಿಗೆ ಕಳಸಾಕ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ ಸಿಆರ್‌ಪಿ ಮೂಲಕ ಬಿಐಇಆರ್‌ಟಿಯವ್ರನ್ನ ಕರಸ್ರಿ, ಬಂದ ದಿನಾ ಸುಮ್ನ ಸಹಿ ಮಾಡಿ ಕಳಸಬ್ಯಾಡ್ರಿ, ಆಕಿ ಸಲುವಾಗಿ ಒಂದು ವೈಯಕ್ತಿಕ ಶಿಕ್ಷಣ ಯೋಜನೆ ಬರಸ್ಕೊಳ್ರಿ, ಮೂರ ತಿಂಗಳಿಗೆ ಮೂರ ಗುರಿ ಸಾಕು: ನೀರು ಬೇಕಾದ್ರ ಚಿತ್ರ ತೋರಿಸೂದು, ಊಟದ ಜಾಗಾದಾಗ ಕುಂದ್ರೂದು, ಹತ್ತರ ಮಟಾ ಎಣಿಕಿ. 2021ರಾಗ ಸುಪ್ರೀಂ ಕೋರ್ಟು ಪ್ರಾಥಮಿಕದಾಗ ಇಂಥಾ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಬೇಕು, ಮುಂದಿನ ಹಂತದಾಗ 15ಕ್ಕ ಒಬ್ರು ಅಂತ ಹೇಳೈತಿ. ನಮ್ಮ ತಾಲೂಕುಗಳು ಅಲ್ಲಿಂದ ಎಷ್ಟು ದೂರ ಅದಾವು ಅನ್ನೂದು ನಿಮಗ ಗೊತ್ತೈತಿ. ಅದನ್ನ ನಿಮ್ಮ ಸಂಘದ ಸಭಾದಾಗ ಎತ್ರಿ, ಶಿಕ್ಷಕರ ಬಾಯಿಂದ ಬಂದ್ರ ತೂಕ ಐತಿ.

ತಂದಿ ತಾಯಿ ಹಬ್ಬಕ್ಕ ಊರಿಗೆ ಬಂದಾಗ ಆಧಾರ್, ಫೋಟೋ, ಶಿಬಿರದ ಚೀಟಿ ಎಲ್ಲಾ ಇಸ್ಕೊಂಡು ಯುಡಿಐಡಿ ಅರ್ಜಿ ಅವತ್ತ ಹಾಕಸ್ರಿ. ಆಮ್ಯಾಲೆ ಅವ್ರು ಸಿಗೂದು ಯಾವಾಗೋ. ಒಂದ ವ್ಯಾಳ್ಯಾ ಆಕಿನೂ ಕರಕೊಂಡು ಹೋಗ್ತೀವಿ ಅಂದ್ರ, ಆಕಿ ಫೈಲಿನ ಒಂದು ಜೆರಾಕ್ಸ್ ತಾಯಿ ಕೈಯಾಗ ಕೊಡ್ರಿ, ಅಲ್ಲಿ ಸಾಲಿ ಸಿಕ್ಕರ ತೋರಿಸಾಕ.

ಪ್ರಶ್ನೆ: ಬೆಳಗಾವಿಯಿಂದ ಬರೀತಿದ್ದೀನಿ ಮೇಡಂ. ಮಗಳಿಗೆ ಹತ್ತು ವರ್ಷ, ಸಿಬಿಎಸ್‌ಇ ಸ್ಕೂಲ್, ಐದನೇ ಕ್ಲಾಸ್. ಮಾರ್ಕ್ಸ್ ಚಲೋ ತಗೋತಾಳ, ಗೆಳತ್ಯಾರಿಲ್ಲ, ವೇಳಾಪಟ್ಟಿ ಬದಲಾದ್ರ ಗದ್ದಲ ಮಾಡ್ತಾಳ. ಈ ವರ್ಷ ಆಟಿಸಂ ಅಂತ ಗೊತ್ತಾತು. ಸ್ಕೂಲಿನವ್ರು ಶ್ಯಾಡೋ ಟೀಚರ್ (ದಿನಪೂರ್ತಿ ಆಕಿ ಪಕ್ಕದಾಗ ಕುಂತು ನೋಡ್ಕೊಳ್ಳೂ ಶಿಕ್ಷಕರು) ಇಟ್ಟು ಅದರ ಪೂರಾ ಸಂಬಳ ನೀವ ಕೊಡಬೇಕು, ಇಲ್ಲಾಂದ್ರ ಟಿಸಿ ತಗೊಳ್ರಿ ಅಂತಾರ. ಇದು ಸರಿ ಏನು? ಇನ್ನೊಬ್ರು ಸ್ಟೆಮ್ ಸೆಲ್ (ಮೂಲಕೋಶ) ಚಿಕಿತ್ಸಾ ಮಾಡಸ್ರಿ, ಪೂರಾ ಗುಣ ಆಗ್ತೈತಿ ಅಂತಾರ.

ಉತ್ತರ: ಸರ್, ಸ್ಟೆಮ್ ಸೆಲ್‌ಗೆ ಒಂದ ರೂಪಾಯಿನೂ ಕೊಡಬ್ಯಾಡ್ರಿ. ಆಟಿಸಂಗೆ ಅದು ಒಪ್ಪಿಗಿ ಇರೋ ಚಿಕಿತ್ಸಾ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರ ಮಾರ್ಗಸೂಚಿಯೊಳಗ ಸ್ಟೆಮ್ ಸೆಲ್‌ಗೆ ಒಪ್ಪಿಗಿ ಇರೂದು ರಕ್ತಕ್ಕ ಸಂಬಂಧಪಟ್ಟ ಕೆಲವು ರೋಗಕ್ಕ, ಉಳಿದದ್ದು ಸಂಶೋಧನೆ. ಸಂಶೋಧನೆ ಮಾಡೂವ್ರು ರೋಗಿ ಕಡೆ ದುಡ್ಡು ತಗೊಳ್ಳೂಹಂಗಿಲ್ಲ. ಆ ದುಡ್ಡು ಇದ್ರ ಥೆರಪಿಗೆ ಹಾಕ್ರಿ, ಮಗಳಿಗೆ ಚಿತ್ರಾ ಬರಿಯೂದು ಇಷ್ಟ ಇದ್ರ ಬಣ್ಣ ತಂದು ಕೊಡ್ರಿ.

ಶ್ಯಾಡೋ ಟೀಚರ್ ವಿಚಾರ: ಸಂಬಳ ಕೊಡ್ರಿ ಇಲ್ಲಾ ಹೋಗ್ರಿ ಅನ್ನೂದು ತಪ್ಪು. ಮ್ಯಾಲೆ ಹೇಳಿದ 16ನೇ ಕಲಂ ನಿಮ್ಮ ಸ್ಕೂಲಿಗೂ ಹೊಂದ್ತೈತಿ, ಅನುಕೂಲ ಮಾಡಿ ಕೊಡೂದು ಸಂಸ್ಥಾದ ಜವಾಬ್ದಾರಿ. ಸಿಬಿಎಸ್‌ಇ ಮಾನ್ಯತಾ ನಿಯಮದಾಗ ಸ್ಕೂಲ್‌ನ್ಯಾಗ ಸ್ಪೆಷಲ್ ಎಜುಕೇಟರ್ ಇರಬೇಕು ಅಂತ ಐತಿ, ಮೊದಲ ಅವ್ರು ಯಾರು, ನಿಮ್ಮ ಮಗಳನ್ನ ನೋಡ್ಯಾರೋ ಇಲ್ಲೋ ಅಂತ ಬರದು ಕೇಳ್ರಿ. ಮತ್ತ ನಿಮ್ಮ ಪತ್ರಾ ಓದಿದ್ರ ಆಕಿಗೆ ದಿನಪೂರ್ತಿ ಪಕ್ಕದಾಗ ಒಬ್ರು ಕುಂದ್ರೂದು ಬೇಕು ಅಂತ ನನಗ ಅನಸಂಗಿಲ್ಲ. ಹತ್ತು ವರ್ಷದ ಹುಡುಗಿ ಪಕ್ಕ ದೊಡ್ಡವ್ರು ಅಂಟಿಕೊಂಡು ಕುಂತ್ರ ಹತ್ರ ಬರೂ ಒಂದಿಬ್ರು ಹುಡುಗ್ಯಾರೂ ದೂರ ಸರೀತಾರ. ಆಕಿಗೆ ಬೇಕಾಗಿದ್ದು ವೇಳಾಪಟ್ಟಿ ಬದಲಾಗೂದನ್ನ ಹಿಂದಿನ ದಿನಾನ ಹೇಳೂದು, ಗದ್ದಲ ಆದಾಗ ಹೋಗಿ ಕುಂದ್ರಾಕ ಲೈಬ್ರರಿಯೊಳಗ ಒಂದ ಜಾಗಾ, ಬಿಡುವಿನ ವೇಳೆಗೆ ಆಕಿಗೆ ಇಷ್ಟ ಇರೋ ವಿಷಯದ ಮ್ಯಾಲೆ ಒಂದ ಸಣ್ಣ ಗುಂಪು. ಮಾರ್ಕ್ಸ್ ಚಲೋ ಅದಾವು ಅಂತ ಏನೂ ಬ್ಯಾಡ ಅಂದುಬಿಡ್ತಾರ, ಹೆಣ್ಣ ಹುಡುಗ್ಯಾರದು ತಡಾ ಆಗಿ ಗೊತ್ತಾಗೂದಕ್ಕ ಅದೂ ಒಂದು ಕಾರಣ, ದಿನಾ ಸ್ಕೂಲಿನ್ಯಾಗ ತಡಕೊಂಡು ತಡಕೊಂಡು ಮನಿಗೆ ಬಂದು ಅತ್ತು ಬಿಡ್ತಾರ.

ಟಿಸಿ ನೀವಾಗೇ ಕೇಳಬ್ಯಾಡ್ರಿ, ಖಾಲಿ ಹಾಳಿ ಮ್ಯಾಲೆ ಸಹಿ ಮಾಡಬ್ಯಾಡ್ರಿ. "ಟಿಸಿ ತಗೊಳ್ರಿ" ಅನ್ನೂದನ್ನ ಬರದು ಕೊಡ್ರಿ ಅಂತ ಈಮೇಲ್ ಹಾಕ್ರಿ, ಬರೆಯೂ ಮಾತು ಬಂದ್ರ ಭಾಳ ಸಲ ಅಲ್ಲೇ ನಿಲ್ತೈತಿ. ನಿಲ್ಲದಿದ್ರ ಶಿಕ್ಷಣ ಇಲಾಖೆಯ ಜಿಲ್ಲಾ ಕಚೇರಿ ಅಂದ್ರ ಡಿಡಿಪಿಐ ಕಚೇರಿ, ಸಿಬಿಎಸ್‌ಇ ಪ್ರಾದೇಶಿಕ ಕಚೇರಿ ಎರಡಕ್ಕೂ ದೂರು ಕೊಡ್ರಿ, ಬೆಂಗಳೂರಿನ್ಯಾಗ ಅಂಗವಿಕಲರ ಕಾಯ್ದೆಯ ರಾಜ್ಯ ಆಯುಕ್ತರು ಅದಾರ, ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಐತಿ, ಅಂಚೆಯಿಂದ ಕಳಿಸಿದ್ರೂ ನಡೀತೈತಿ. ಯುಡಿಐಡಿ ಈಗ ಮಾಡ್ಸಿ ಇಡ್ರಿ, ಹತ್ತನೇತ್ತಾ ಪರೀಕ್ಷಾಕ್ಕ ತಾಸಿಗೆ 20 ನಿಮಿಷ ಹೆಚ್ಚಿನ ವೇಳೆ ಕೇಳಾಕ ಆವಾಗ ಓಡ್ಯಾಡೂದು ತಪ್ತೈತಿ. ಮತ್ತ ಮಗಳಿಗೆ ಈ ವಿಷಯ ನೀವ ಹೇಳ್ರಿ, ಹತ್ತು ವರ್ಷದಾಕಿ, ಎಲ್ಲಾ ತಿಳೀತೈತಿ. ಕ್ಲಾಸಿನ್ಯಾಗ ಯಾರೋ ಅಂದದ್ದು ಕೇಳಿ ಗೊತ್ತಾಗೂಕಿಂತ ಅಪ್ಪ ಅವ್ವನ ಬಾಯಿಂದ ಗೊತ್ತಾಗಲಿ.